ಕಡಲ ಒಗಟು, ನೆಲದ ಪತ್ತೆ: ಕನ್ನಡದ ಚಾರಿತ್ರಿಕ ರೋಚಕ ಕಾದಂಬರಿ ಮತ್ತು ಆಕರದ ಪ್ರಶ್ನೆ

1. ಪ್ರವೇಶ

ಕಡಲಿನ ರಹಸ್ಯಗಳನ್ನೂ ಕಡಲಿನ ಚರಿತ್ರೆಯನ್ನೂ ಆಧರಿಸಿದ ಸಾಹಸ ಕಾದಂಬರಿಯು ಪಾಶ್ಚಾತ್ಯ ಸಾಹಿತ್ಯದಲ್ಲಿ ಬಹುಕಾಲದಿಂದ ಬೆಳೆದುಬಂದಿರುವ ಪ್ರಕಾರ. 1820ರಲ್ಲಿ ಪೆಸಿಫಿಕ್ ಸಾಗರದಲ್ಲಿ ತಿಮಿಂಗಿಲದ ಹೊಡೆತಕ್ಕೆ ಸಿಕ್ಕಿ ಮುಳುಗಿದ ಎಸೆಕ್ಸ್ ಎಂಬ ಹಡಗಿನ ದುರಂತವು ಹರ್ಮನ್ ಮೆಲ್ವಿಲ್‌ನ ‘ಮೊಬಿ ಡಿಕ್’ (1851) ಕಾದಂಬರಿಗೆ ಪ್ರೇರಣೆಗಳಲ್ಲೊಂದಾಯಿತು. ಸ್ಟೀವನ್‌ಸನ್‌ನ ‘ಟ್ರೆಷರ್ ಐಲೆಂಡ್’ (1883) ನಕ್ಷೆ, ನಿಧಿ ಮತ್ತು ಕಡಲ್ಗಳ್ಳರನ್ನು ಈ ಪ್ರಕಾರದ ಸ್ಥಿರ ಸಾಮಗ್ರಿಯನ್ನಾಗಿ ಮಾಡಿತು. ಇಪ್ಪತ್ತನೆಯ ಶತಮಾನದಲ್ಲಿ ಕ್ಲೈವ್ ಕಸ್ಲರ್ ಇದೇ ಸಾಮಗ್ರಿಗೆ ತಂತ್ರಜ್ಞಾನವನ್ನೂ ಶೀತಲ ಸಮರದ ರಾಜಕೀಯವನ್ನೂ ಬೆರೆಸಿದ. ಅವನ ‘ರೈಸ್ ದ ಟೈಟಾನಿಕ್’ (1976) 1912ರಲ್ಲಿ ಮುಳುಗಿದ ಹಡಗನ್ನು ಸಮುದ್ರತಳದಿಂದ ಇಡಿಯಾಗಿ ಮೇಲೆತ್ತುವ ಕಥೆ. 1985ರಲ್ಲಿ ಅದೇ ಹಡಗಿನ ಅವಶೇಷ ಪತ್ತೆಯಾದಾಗ ಅದು ಎರಡು ತುಂಡಾಗಿ ಬಿದ್ದಿರುವುದು ತಿಳಿಯಿತು. ಕಾದಂಬರಿಯ ಊಹೆಗೂ ಆಕರದ ಸಾಕ್ಷ್ಯಕ್ಕೂ ನಡುವೆ ಇರುವ ಅಂತರಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಕನ್ನಡದಲ್ಲಿ ಈ ಪ್ರಕಾರದ ಸ್ಥಿತಿ ಏನು? ಹಡಗಿನ ಕಟ್ಟೆಯ ಮೇಲೆ ನಡೆಯುವ ಸಾಹಸಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿದರೆ ಉತ್ತರ ನಿರಾಶಾದಾಯಕ. ಆದರೆ ಕಡಲಾಚೆಯಿಂದ ಬಂದ, ಕಡಲಾಚೆಗೆ ಹೋದ ವಸ್ತುಗಳ ಜಾಡು ಹಿಡಿದು ಚರಿತ್ರೆಯ ಒಗಟನ್ನು ಬಿಡಿಸುವ ಕಾದಂಬರಿಗಳು ಕಳೆದ ಎರಡು ದಶಕಗಳಲ್ಲಿ ಕನ್ನಡದಲ್ಲಿ ಗಣನೀಯ ಓದುಗರನ್ನು ಪಡೆದಿವೆ. ಡಾ. ಕೆ. ಎನ್. ಗಣೇಶಯ್ಯ ಅವರ ಕೃತಿಗಳು ಇದಕ್ಕೆ ಮುಖ್ಯ ಉದಾಹರಣೆ. ಅವರ ‘ಕನಕ ಮುಸುಕು’ ಮತ್ತು ‘ಬಳ್ಳಿಕಾಳ ಬೆಳ್ಳಿ’ ಎಂಬ ಎರಡು ಕಾದಂಬರಿಗಳ ವಸ್ತುವನ್ನು ಮುಂದಿರಿಸಿಕೊಂಡು, ಇಂತಹ ಕೃತಿಗಳಲ್ಲಿ ಆಕರವು ನಿರ್ವಹಿಸುವ ಪಾತ್ರವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ಕೃತಿಗಳನ್ನು ಜನಪ್ರಿಯ ಸಾಹಿತ್ಯವೆಂದು ಬದಿಗೆ ಸರಿಸುವುದಾಗಲೀ ಚರಿತ್ರೆಯ ಪಠ್ಯವೆಂದು ಒಪ್ಪಿಕೊಳ್ಳುವುದಾಗಲೀ ಸಾಧುವಲ್ಲ. ಕಾದಂಬರಿಯು ಆಕರವನ್ನು ಎಲ್ಲಿ ಬಿಟ್ಟು ಹೊರಡುತ್ತದೆ ಎಂಬುದನ್ನು ಗುರುತಿಸುವುದೇ ಇವುಗಳ ಓದಿನ ಕೇಂದ್ರವಾಗಬೇಕು ಎಂಬುದು ಇಲ್ಲಿಯ ಪ್ರತಿಪಾದನೆ.

2. ಕನ್ನಡ ಕಥನದಲ್ಲಿ ಕಡಲು

ಕನ್ನಡ ನಾಡಿಗೆ ಕಡಲಿನ ಅನುಭವ ಹೊಸತಲ್ಲ. ರವಿಕೀರ್ತಿ ರಚಿಸಿದ 634ರ ಐಹೊಳೆ ಶಾಸನವು ಇಮ್ಮಡಿ ಪುಲಕೇಶಿಯು ನೂರಾರು ಹಡಗುಗಳೊಡನೆ ಪಶ್ಚಿಮ ಸಮುದ್ರದ ಪುರಿಯನ್ನು ಮುತ್ತಿದ ಸಂಗತಿಯನ್ನು ಹೇಳುತ್ತದೆ. ಅಯ್ಯಾವೊಳೆಯ ಐನೂರ್ವರ ಸಂಘದ ವ್ಯವಹಾರ ಎಷ್ಟು ದೂರ ಹಬ್ಬಿತ್ತೆಂಬುದಕ್ಕೆ ಸುಮಾತ್ರಾ ದ್ವೀಪದ ಬರೂಸ್ ಬಳಿ ದೊರೆತ 1088ರ ತಮಿಳು ಶಾಸನ ಸಾಕ್ಷಿ. ಕದಂಬರ ಕಾಲದ ಗೋವೆಯಲ್ಲಿ ನೌಕಾಯುದ್ಧವನ್ನು ಕೆತ್ತಿದ ವೀರಗಲ್ಲುಗಳಿವೆ. ಜೈನ ಹರಿವಂಶ ಪರಂಪರೆಯ ಚಾರುದತ್ತನ ಕಥೆಯಲ್ಲಿ ಹಡಗು ಒಡೆಯುವುದು, ದ್ವೀಪಾಂತರ ಸೇರುವುದು, ಸಂಪತ್ತನ್ನು ಕಳೆದುಕೊಂಡು ಮತ್ತೆ ಪಡೆಯುವುದು ಎಲ್ಲವೂ ಇವೆ.

ಹೀಗಿದ್ದೂ ಆಧುನಿಕ ಕನ್ನಡ ಕಾದಂಬರಿಯಲ್ಲಿ ಕಡಲು ಸಾಹಸದ ರಂಗವಾಗಿ ಬೆಳೆಯಲಿಲ್ಲ. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯಲ್ಲಿ ಕಡಲು ಮನೆಯ ಹಿತ್ತಿಲಿನಷ್ಟು ಹತ್ತಿರವಿದೆ. ಅದು ಬದುಕಿನ ಕಷ್ಟವನ್ನೂ ನೆಮ್ಮದಿಯನ್ನೂ ಸೂಚಿಸುವ ನಿರಂತರ ಸಾನ್ನಿಧ್ಯ. ಕೃತಿಯ ದೃಷ್ಟಿ ಮಾತ್ರ ಅದರ ಹೆಸರೇ ಹೇಳುವಂತೆ ಮಣ್ಣಿನ ಕಡೆಗಿದೆ. ಗುಜರಾತಿಯಲ್ಲಿ ಗುಣವಂತರಾಯ ಆಚಾರ್ಯರು ‘ದರಿಯಾಲಾಲ್’ ಮೊದಲಾದ ಕೃತಿಗಳ ಮೂಲಕ ನಾವಿಕರ ಸಾಹಸದ ಕಾದಂಬರಿಗೆ ಒಂದು ಪರಂಪರೆಯನ್ನೇ ಕಟ್ಟಿದರು. ಹಡಗಿನೊಡೆಯರ, ವರ್ತಕರ ಓದುಗ ವರ್ಗ ಅಲ್ಲಿತ್ತು. ಕನ್ನಡದ ಅಚ್ಚಿನ ಕೇಂದ್ರಗಳಾದ ಮೈಸೂರು, ಬೆಂಗಳೂರು, ಧಾರವಾಡಗಳು ಒಳನಾಡಿನವು. ಕರಾವಳಿಯ ಮಂಗಳೂರಿನಲ್ಲಿ ಮುದ್ರಣ ಮೊದಲೇ ಬೇರೂರಿದ್ದರೂ ಅಲ್ಲಿಯ ಕಾದಂಬರಿಯ ಆಸಕ್ತಿ ಸಾಮಾಜಿಕ ಸುಧಾರಣೆಯ ಕಡೆಗೆ ಹೆಚ್ಚು ವಾಲಿತ್ತು.

ರೋಚಕತೆಯ ಧಾರೆ ಬೇರೊಂದು ದಾರಿಯಲ್ಲಿ ಹರಿದುಬಂದಿತು. ಎನ್. ನರಸಿಂಹಯ್ಯ ಅವರ ನೂರಾರು ಪತ್ತೇದಾರಿ ಕಾದಂಬರಿಗಳು ಸಾಮಾನ್ಯ ಓದುಗರನ್ನು ಸೃಷ್ಟಿಸಿದವು. ಟಿ. ಕೆ. ರಾಮರಾವ್ ಅವರು ಪತ್ತೇದಾರಿಗೆ ಹದವಾದ ಕೌಟುಂಬಿಕ ಆವರಣವನ್ನು ಒದಗಿಸಿದರು. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ವಿಜ್ಞಾನಿಯ ಹುಡುಕಾಟವನ್ನೇ ಸಾಹಸವನ್ನಾಗಿಸಿತು; ‘ಜುಗಾರಿ ಕ್ರಾಸ್’ (1994) ಕಾಡಿನ ಅಪರಾಧ ಜಗತ್ತಿನ ನಡುವೆ ಹಳೆಯ ಕೃತಿಯೊಂದರಲ್ಲಿ ಅಡಗಿದ ಸುಳಿವನ್ನು ತಂದಿರಿಸಿತು. ಕಡಲಿನ ವಿಸ್ಮಯಗಳನ್ನು ತೇಜಸ್ವಿಯವರು ಕಾದಂಬರಿಗೆ ತರಲಿಲ್ಲ. ಮಿಲೆನಿಯಂ ಸರಣಿಯ ‘ಪೆಸಿಫಿಕ್ ದ್ವೀಪಗಳು’ ಮೊದಲಾದ ಮಾಹಿತಿ ಸಾಹಿತ್ಯದಲ್ಲಿ ಅವುಗಳಿಗೆ ಎಡೆ ಮಾಡಿದರು. ವಿಜ್ಞಾನಿ ನಾಯಕ, ಹಳೆಯ ಪಠ್ಯದ ಸುಳಿವು, ಮಾಹಿತಿ ಸಾಹಿತ್ಯದ ಶಿಸ್ತು ಈ ಮೂರೂ ಒಂದೆಡೆ ಸೇರಿದಾಗ ಗಣೇಶಯ್ಯ ಅವರ ಬಗೆಯ ಕಾದಂಬರಿಗೆ ಭೂಮಿಕೆ ಸಿದ್ಧವಾಯಿತೆನ್ನಬಹುದು.

3. ಕನ್ನಡ ಸಂಶೋಧನೆಯ ಹಳೆಯ ಕಡಲ ಕಥೆ: ಖಾರಿಟಿಯಾನ್ ಪ್ರಹಸನ

ಕಾದಂಬರಿಗಳ ಚರ್ಚೆಗೆ ಮುನ್ನ ಕನ್ನಡ ವಿದ್ವತ್ತು ತಾನೇ ಎದುರಿಸಿದ ಒಂದು ಕಡಲ ಒಗಟನ್ನು ನೆನೆಯುವುದು ಉಪಯುಕ್ತ. ಈಜಿಪ್ತಿನ ಆಕ್ಸಿರಿಂಕಸ್ ಎಂಬಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ನಡೆಸಿದ ಉತ್ಖನನದಲ್ಲಿ ದೊರೆತ ಪಪೈರಸ್‌ಗಳಲ್ಲಿ ಒಂದು ಗ್ರೀಕ್ ಪ್ರಹಸನವಿತ್ತು. 1903ರಲ್ಲಿ ಅದು 413ನೆಯ ಸಂಖ್ಯೆಯಾಗಿ ಪ್ರಕಟವಾಯಿತು. ಪ್ರತಿಯ ಕಾಲ ಕ್ರಿ.ಶ. ಸುಮಾರು ಎರಡನೆಯ ಶತಮಾನ. ಖಾರಿಟಿಯಾನ್ ಎಂಬ ಗ್ರೀಕ್ ತರುಣಿ ಭಾರತದ ಕಡಲ ತೀರದ ಅರಸನೊಬ್ಬನ ವಶದಲ್ಲಿದ್ದಾಳೆ. ಅವಳ ಸೋದರ, ನಾವಿಕರು ಮತ್ತು ಒಬ್ಬ ವಿದೂಷಕ ಸೇರಿ ಅರಸನಿಗೆ ನೀರು ಬೆರೆಸದ ಮದ್ಯವನ್ನು ಕುಡಿಸಿ, ಅವನನ್ನು ಕಟ್ಟಿಹಾಕಿ, ಅವಳನ್ನು ಹಡಗಿನಲ್ಲಿ ಪಾರುಮಾಡುತ್ತಾರೆ. ಬಂಧನ, ಉಪಾಯ, ಪಲಾಯನ ಹೀಗೆ ಕಡಲ ಸಾಹಸ ಕಥೆಯ ಎಲ್ಲ ಅಂಗಗಳೂ ಇಲ್ಲಿವೆ.

ಅರಸ ಮತ್ತು ಅವನ ಪರಿವಾರ ಆಡುವ ಮಾತುಗಳು ಗ್ರೀಕ್ ಲಿಪಿಯಲ್ಲಿದ್ದರೂ ಗ್ರೀಕ್ ಅಲ್ಲ. ಅವು ಕನ್ನಡವಾಗಿರಬಹುದೆಂದು 1904ರಲ್ಲಿ ಹುಲ್ಶ್ ಸೂಚಿಸಿದರು. ಆರ್. ಶಾಮಶಾಸ್ತ್ರಿ, ಬಿ. ಎ. ಸಾಲೆತೊರೆ, ಎಂ. ಗೋವಿಂದ ಪೈ ಅವರು ಬೇರೆ ಬೇರೆ ನೆಲೆಗಳಿಂದ ಈ ಚರ್ಚೆಯನ್ನು ಬೆಳೆಸಿದರು. 1926ರಲ್ಲಿ ಎಲ್. ಡಿ. ಬಾರ್ನೆಟ್ ಕನ್ನಡವೆಂಬ ವಾದವನ್ನು ತಿರಸ್ಕರಿಸಿದರು. ಅದು ತುಳುವೆಂಬ ವಾದವೂ ಅನಂತರ ಬಂದಿತು. ಮಲ್ಪೆಯಂತಹ ಊರಿನ ಹೆಸರು ಅಲ್ಲಿದೆಯೇ ಎಂಬುದೂ ವಿವಾದದ ವಿಷಯ. ಅಪರಿಚಿತ ಭಾಷೆಯನ್ನು ಕೇಳಿ ಬರೆದುಕೊಂಡ ಲಿಪಿಕಾರ, ಪ್ರತಿಯ ಲೋಪಗಳು, ಅರ್ಥವಿಲ್ಲದ ಧ್ವನಿಗಳಿಂದ ಪ್ರೇಕ್ಷಕರನ್ನು ನಗಿಸುವ ಪ್ರಹಸನದ ಸ್ವಭಾವ, ಇವೆಲ್ಲವೂ ನಿರ್ಣಯವನ್ನು ಕಷ್ಟಗೊಳಿಸಿವೆ.

ಇಲ್ಲಿ ಗಮನಿಸಬೇಕಾದುದು ನಿರ್ಣಯದ ಅಭಾವವನ್ನಲ್ಲ, ವಾದದ ಕ್ರಮವನ್ನು. ಎರಡನೆಯ ಶತಮಾನದಲ್ಲಿಯೇ ಕನ್ನಡ ಕಡಲಾಚೆಯ ರಂಗಭೂಮಿಯಲ್ಲಿ ಕೇಳಿಸಿತ್ತೆಂಬುದು ಅಭಿಮಾನಕ್ಕೆ ಪ್ರಿಯವಾದ ಸಂಗತಿ. ಆದರೂ ಅದನ್ನು ಚರ್ಚಿಸುವಾಗ ಪರವಾದ ಓದನ್ನೂ ವಿರುದ್ಧವಾದ ಓದನ್ನೂ ಎದುರುಬದುರು ಇರಿಸುವ ಪದ್ಧತಿ ಉಳಿದುಬಂದಿದೆ. ಚಾರಿತ್ರಿಕ ರೋಚಕ ಕಾದಂಬರಿಗೆ ಅನ್ವಯಿಸಬೇಕಾದ ಅಳತೆಗೋಲು ನಮ್ಮಲ್ಲಿ ಮೊದಲೇ ಇದೆ ಎಂಬುದಕ್ಕೆ ಈ ಪ್ರಸಂಗವೇ ಸಾಕ್ಷಿ.

4. ಕಲ್ಲಿನಲ್ಲಿ ತೆನೆ: ‘ಕನಕ ಮುಸುಕು’ವಿನ ಒಗಟು

ಗಣೇಶಯ್ಯ ಅವರು ವೃತ್ತಿಯಿಂದ ಕೃಷಿ ವಿಜ್ಞಾನಿ. ಹೆಬ್ಬಾಳ ಮತ್ತು ಯಲಹಂಕಗಳ ನಡುವಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ನೆಲೆಸಿರುವ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪನ, ಸಂಶೋಧನೆಗಳನ್ನು ನಡೆಸಿದವರು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ಪ್ರಸ್ಥಭೂಮಿಯಲ್ಲಿ ನೀರೆಂದರೆ ಕೆರೆ. ಹೆಬ್ಬಾಳ, ಅಲ್ಲಾಳಸಂದ್ರ, ಯಲಹಂಕ, ಪುಟ್ಟೇನಹಳ್ಳಿ ಎಂದು ಸಾಗುವ ಕೆರೆಗಳ ಸೀಮೆಯಿದು. ಇಂತಹ ಒಳನಾಡಿನಲ್ಲಿ ಕುಳಿತ ಲೇಖಕನಿಗೆ ಕಡಲು ಎದುರಾಗುವುದು ಅಲೆಯ ರೂಪದಲ್ಲಲ್ಲ, ಬೀಜದ ರೂಪದಲ್ಲಿ. ಬೆಳೆಯೊಂದರ ಮೂಲಸ್ಥಾನ ಯಾವುದು, ಅದು ಇಲ್ಲಿಗೆ ಯಾವ ದಾರಿಯಿಂದ, ಯಾವಾಗ ಬಂದಿತು ಎಂಬ ಸಸ್ಯವಿಜ್ಞಾನದ ಪ್ರಶ್ನೆಯೇ ಅವರ ಕಥನದಲ್ಲಿ ಪತ್ತೇದಾರಿಯ ಪ್ರಶ್ನೆಯಾಗುತ್ತದೆ.

‘ಕನಕ ಮುಸುಕು’ವಿನ ಹಿಂದಿರುವ ಒಗಟು ಪ್ರಸಿದ್ಧವಾದುದು. ಸೋಮನಾಥಪುರವೇ ಮೊದಲಾದ ಹೊಯ್ಸಳ ದೇವಾಲಯಗಳ ಕೆಲವು ಶಿಲ್ಪಗಳ ಕೈಯಲ್ಲಿ ಮುಸುಕಿನ ಜೋಳದ ತೆನೆಯನ್ನು ಹೋಲುವ ವಸ್ತುವಿದೆ. ಮುಸುಕಿನ ಜೋಳದ ತವರು ಮೆಕ್ಸಿಕೊ. ಅಲ್ಲಿ ಸುಮಾರು 9,000 ವರ್ಷಗಳ ಹಿಂದೆ ಅದನ್ನು ಪಳಗಿಸಲಾಯಿತು. ಕೊಲಂಬಸ್ ಅಮೆರಿಕವನ್ನು ಮುಟ್ಟಿದ್ದು 1492ರಲ್ಲಿ. ಸೋಮನಾಥಪುರದ ದೇವಾಲಯ 13ನೆಯ ಶತಮಾನದ್ದು. ಶಿಲ್ಪದಲ್ಲಿರುವುದು ನಿಜವಾಗಿಯೂ ಮುಸುಕಿನ ಜೋಳವಾದರೆ, ಕೊಲಂಬಸ್‌ಗಿಂತ ಎರಡು ಶತಮಾನಗಳಿಗೂ ಮೊದಲು ಯಾರೋ ಮಹಾಸಾಗರವನ್ನು ದಾಟಿ ಅದನ್ನು ತಂದಿರಬೇಕು. ಹೀಗೆ ನೆಲದ ಮೇಲಿನ ಒಂದು ಶಿಲ್ಪದ ಹಿಂದೆ ಎಲ್ಲಿಯೂ ದಾಖಲಾಗದ ಒಂದು ಕಡಲ ಯಾನ ಅಡಗಿ ಕುಳಿತಿದೆ. ಮುಸುಕು ಎಂಬ ಶಬ್ದವು ಬೆಳೆಯ ಹೆಸರನ್ನೂ ಮರೆಯನ್ನೂ ಏಕಕಾಲದಲ್ಲಿ ಸೂಚಿಸುವುದರಿಂದ ಕೃತಿಯ ಶೀರ್ಷಿಕೆಯೇ ಒಗಟಿನ ಸಂಕ್ಷೇಪವಾಗಿದೆ.

ಇದು ಕಾದಂಬರಿಕಾರರ ಕಲ್ಪನೆಯಲ್ಲ. ಕಾರ್ಲ್ ಜೊಹಾನೆಸೆನ್ ಮತ್ತು ಆ್ಯನ್ ಪಾರ್ಕರ್ 1989ರಲ್ಲಿ ‘ಇಕನಾಮಿಕ್ ಬಾಟನಿ’ ಪತ್ರಿಕೆಯಲ್ಲಿ ಈ ವಾದವನ್ನು ಮಂಡಿಸಿದರು. ಕಾಳುಗಳ ಸಾಲು, ತೆನೆಯ ಪ್ರಮಾಣ, ಹೊರ ಸಿಪ್ಪೆಯ ರೂಪ ಇವುಗಳ ಹೋಲಿಕೆಯೇ ಅವರ ಆಧಾರ. ಪಾಯಕ್ ಮತ್ತು ಸಚನ್ ಎಂಬ ಭಾರತೀಯ ವಿಜ್ಞಾನಿಗಳು ಇದನ್ನು ಒಪ್ಪಲಿಲ್ಲ. 1993ರಲ್ಲಿ ಅದೇ ಪತ್ರಿಕೆಯಲ್ಲಿ ಅವರು ಸೋಮನಾಥಪುರದ ಶಿಲ್ಪಗಳಲ್ಲಿರುವುದು ಮುಸುಕಿನ ಜೋಳವಲ್ಲವೆಂದೂ, ಮುತ್ತುಗಳಿಂದ ರಚಿತವಾದ ಮುಕ್ತಾಫಲವೆಂಬ ಕಾಲ್ಪನಿಕ ಫಲವಾಗಿರಬಹುದೆಂದೂ ವಾದಿಸಿದರು. ದೇವತೆಯ ಕೈಯಲ್ಲಿ ಫಲವನ್ನಿರಿಸುವುದು ಭಾರತೀಯ ಪ್ರತಿಮಾಶಾಸ್ತ್ರದಲ್ಲಿ ರೂಢಿಯ ಸಂಗತಿ; ಮಾದಳದ ಹಣ್ಣು ಇದಕ್ಕೆ ಪರಿಚಿತ ಉದಾಹರಣೆ. ಹೊಯ್ಸಳ ಶಿಲ್ಪಿಯು ಮುತ್ತಿನ ಹಾರವನ್ನು ಕಡೆಯುವ ಉಳಿಯಿಂದಲೇ ಫಲದ ಮೇಲೂ ಮಣಿಗಳನ್ನು ಕಡೆದಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು.

ಇನ್ನೊಂದು ಮಾತನ್ನೂ ಸೇರಿಸಬಹುದು. ಮುಸುಕಿನ ಜೋಳ ಇಲ್ಲಿ ಬೆಳೆಯುತ್ತಿದ್ದರೆ ಅದು ಶಿಲ್ಪದಲ್ಲಷ್ಟೇ ಇರಲಾರದು. ಹೊಲದಲ್ಲಿ, ಒಲೆಯ ಬೂದಿಯಲ್ಲಿ, ತೆರಿಗೆಯ ಪಟ್ಟಿಯಲ್ಲಿ, ದೇವಾಲಯದ ದತ್ತಿ ಶಾಸನದಲ್ಲಿ ಅದರ ಗುರುತು ಕಾಣಬೇಕು. ಭತ್ತ, ರಾಗಿ, ಎಳ್ಳು, ಅಡಕೆಗಳ ಲೆಕ್ಕವನ್ನು ಎಚ್ಚರದಿಂದ ಇಡುವ ಶಾಸನಗಳ ನಾಡಿನಲ್ಲಿ ಒಂದು ಹೊಸ ಧಾನ್ಯ ಕೇವಲ ದೇವತೆಯ ಕೈಯಲ್ಲಿ ಉಳಿಯಿತೆನ್ನುವುದು ನಂಬಲು ಕಷ್ಟ. ಬೆಳೆಯ ಹೆಸರು ಕೂಡ ಇದನ್ನೇ ಸೂಚಿಸುತ್ತದೆ. ಕನ್ನಡದಲ್ಲಿ ಅದಕ್ಕೆ ಸ್ವತಂತ್ರವಾದ ಹಳೆಯ ಹೆಸರಿಲ್ಲ. ಪರಿಚಿತವಾದ ಜೋಳಕ್ಕೆ ವಿಶೇಷಣ ಸೇರಿಸಿ ಮುಸುಕಿನ ಜೋಳ, ಗೋವಿನ ಜೋಳ ಎಂದು ಕರೆಯುತ್ತೇವೆ. ತಡವಾಗಿ ಬಂದ ವಸ್ತುಗಳಿಗೆ ಭಾಷೆ ಹೆಸರಿಡುವ ಕ್ರಮವಿದು.

ಹಾಗಾದರೆ ಕಾದಂಬರಿ ಸೋತಿತೇ? ಇಲ್ಲ. ಆಕರಗಳ ತೂಕ ಇಲ್ಲವೆನ್ನುವ ಕಡೆಗೆ ಹೆಚ್ಚು ಬಾಗಿದ್ದರೂ ಪ್ರಶ್ನೆಯನ್ನು ಜೀವಂತವಾಗಿಡುವುದು ಕಾದಂಬರಿಯ ಹಕ್ಕು. ಸಸ್ಯವಿಜ್ಞಾನದ ಪತ್ರಿಕೆಯೊಳಗೆ ಉಳಿದುಹೋಗಬಹುದಾಗಿದ್ದ ಚರ್ಚೆಯನ್ನು ಅದು ಸಾವಿರಾರು ಕನ್ನಡ ಓದುಗರ ಮುಂದೆ ತಂದಿರಿಸಿತು. ಸೋಮನಾಥಪುರಕ್ಕೆ ಹೋದವರು ಶಿಲ್ಪದ ಕೈಯನ್ನು ಗಮನಿಸುವಂತೆ ಮಾಡಿತು. ಆದರೆ ರೋಚಕ ಕಾದಂಬರಿಯ ವಿನ್ಯಾಸವು ಒಗಟಿಗೆ ಬಿಡುಗಡೆಯನ್ನು ಬೇಡುತ್ತದೆ. ಸಂಶೋಧನೆಯು ಸಾಕ್ಷ್ಯ ನಿಂತಲ್ಲಿ ತಾನೂ ನಿಲ್ಲುತ್ತದೆ. ಈ ಎರಡರ ವ್ಯತ್ಯಾಸವನ್ನು ಅರಿಯದ ಓದುಗ ಪುಸ್ತಕ ಮುಚ್ಚುವಾಗ ಹೊಯ್ಸಳರು ಮುಸುಕಿನ ಜೋಳ ಬೆಳೆಯುತ್ತಿದ್ದರೆಂಬ ನಂಬಿಕೆಯೊಂದಿಗೆ ಮೇಲೇಳುತ್ತಾನೆ. ಅಪಾಯವಿರುವುದು ಅಲ್ಲಿ.

5. ಕಾಳುಮೆಣಸಿನ ರಾಣಿ: ‘ಬಳ್ಳಿಕಾಳ ಬೆಳ್ಳಿ’

ಎರಡನೆಯ ಕಾದಂಬರಿಯ ಆಕರಗಳ ಸ್ವರೂಪವೇ ಬೇರೆ. ‘ಬಳ್ಳಿಕಾಳ ಬೆಳ್ಳಿ’ಯ ಕೇಂದ್ರದಲ್ಲಿರುವವಳು ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ. ಅವಳ ಆಳ್ವಿಕೆಯನ್ನು 1552ರಿಂದ 1606ರವರೆಗೆ, 54 ವರ್ಷ ಎಂದು ಸಾಮಾನ್ಯವಾಗಿ ಗಣಿಸಲಾಗುತ್ತದೆ. ಶರಾವತಿಯ ದಡದ ಗೇರುಸೊಪ್ಪೆ, ನದಿ ಕಡಲನ್ನು ಸೇರುವಲ್ಲಿರುವ ಹೊನ್ನಾವರ, ಅದರ ದಕ್ಷಿಣಕ್ಕೆ ಭಟ್ಕಳ, ಉತ್ತರಕ್ಕೆ ಅಘನಾಶಿನಿಯ ಮಿರ್ಜಾನ್ ಇವುಗಳನ್ನೊಳಗೊಂಡ ಪ್ರದೇಶ ಘಟ್ಟದ ಕಾಳುಮೆಣಸು ಕಡಲಿಗಿಳಿಯುವ ಬಾಗಿಲಾಗಿತ್ತು. ಪೋರ್ಚುಗೀಸರು ಅವಳನ್ನು ‘ರೈನ್ಯಾ ದ ಪಿಮೆಂಟ’, ಅಂದರೆ ಮೆಣಸಿನ ರಾಣಿ ಎಂದು ಕರೆದರು. ಬಳ್ಳಿಯ ಕಾಳು ಹಡಗೇರುತ್ತಿತ್ತು, ಬೆಳ್ಳಿ ದಡಕ್ಕಿಳಿಯುತ್ತಿತ್ತು. ಕೃತಿಯ ಶೀರ್ಷಿಕೆಯಲ್ಲಿ ಈ ವಿನಿಮಯವೇ ಅಡಕವಾಗಿದೆ.

ಈ ಕರಾವಳಿಯ ರಾಜಕೀಯ ಹಿಂಸೆಯಿಂದ ಕೂಡಿದುದು. 1542ರಲ್ಲಿ ಪೋರ್ಚುಗೀಸ್ ಗವರ್ನರ್ ಮಾರ್ಟಿಂ ಅಫೋನ್ಸೊ ದ ಸೋಜ ಭಟ್ಕಳವನ್ನು ಸುಟ್ಟ. 1569ರಲ್ಲಿ ವೈಸರಾಯ್ ಲೂಯಿಸ್ ದ ಅತಾಯಿದೆ ಹೊನ್ನಾವರದ ಕೋಟೆಯನ್ನು ಹಿಡಿದ. ಘಟ್ಟದ ಮೇಲೆ ಕೆಳದಿಯ ನಾಯಕರು ಬೆಳೆಯುತ್ತಿದ್ದರು. ಕಡಲಿನ ಶತ್ರು ಮತ್ತು ಮಲೆನಾಡಿನ ಶತ್ರು ಇವರಿಬ್ಬರ ನಡುವೆ ಅರ್ಧ ಶತಮಾನ ರಾಜ್ಯವನ್ನು ಉಳಿಸಿಕೊಂಡ ಜೈನ ರಾಣಿ ಕೊನೆಗೆ ಕೆಳದಿಯ ವೆಂಕಟಪ್ಪ ನಾಯಕನಿಗೆ ಸೋತಳು.

ಅವಳ ಬಗೆಗೆ ಮಾತನಾಡುವ ಆಕರಗಳು ಯಾರವು? ಪೋರ್ಚುಗೀಸ್ ದಾಖಲೆಗಳು ಎದುರಾಳಿಯವು. ಕೆಳದಿ ಅರಸರ ವಿಜಯವನ್ನು ಹೇಳುವ ಲಿಂಗಣ್ಣನ ‘ಕೆಳದಿನೃಪವಿಜಯ’ ಗೆದ್ದವರ ಪರವಾದ ಕಾವ್ಯ. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ 1623ರಲ್ಲಿ ಗೇರುಸೊಪ್ಪೆಯನ್ನು ಕಂಡಾಗ ಆ ಪಟ್ಟಣ ಆಗಲೇ ಪಾಳುಬಿದ್ದಿತ್ತು. ರಾಣಿಯು ಕೀಳು ಅಂತಸ್ತಿನ ಪರಸ್ಥಳದವನೊಬ್ಬನಲ್ಲಿ ಅನುರಕ್ತಳಾಗಿ, ಅವನ ದ್ರೋಹದಿಂದ ರಾಜ್ಯವನ್ನು ಕಳೆದುಕೊಂಡಳೆಂಬ ಕಥೆಯನ್ನು ಅವನು ದಾಖಲಿಸುತ್ತಾನೆ. ಅವನು ಪ್ರಯಾಣ ಮಾಡುತ್ತಿದ್ದುದು ಪೋರ್ಚುಗೀಸ್ ರಾಯಭಾರಿಯ ಜೊತೆಯಲ್ಲಿ. ಹೊರಟಿದ್ದುದು ವೆಂಕಟಪ್ಪ ನಾಯಕನ ಇಕ್ಕೇರಿಗೆ. ಅಂದರೆ ಸೋತ ರಾಣಿಯ ಶೀಲದ ಬಗೆಗಿನ ಈ ಕಥೆ ಅವಳ ಇಬ್ಬರು ಶತ್ರುಗಳ ನಡುವಿನ ದಾರಿಯಲ್ಲಿ ಕೇಳಿ ಬರೆದುಕೊಂಡದ್ದು. ಸ್ಥಳೀಯ ಶಾಸನಗಳು, ಗೇರುಸೊಪ್ಪೆಯ ಚತುರ್ಮುಖ ಬಸದಿ, ಮಿರ್ಜಾನ್ ಕೋಟೆಗೆ ಅಂಟಿಕೊಂಡ ನೆನಪುಗಳು ಬೇರೆಯ ಚಿತ್ರವನ್ನು ನೀಡುತ್ತವೆಯಾದರೂ ಅವು ತುಣುಕುಗಳು. ಚೆನ್ನಾದೇವಿ, ಭೈರಾದೇವಿ, ಚೆನ್ನಭೈರಾದೇವಿ ಎಂಬ ಹತ್ತಿರದ ಹೆಸರುಗಳು ಈ ಮನೆತನಗಳಲ್ಲಿ ಮತ್ತೆ ಮತ್ತೆ ಬರುವುದರಿಂದ ಯಾವ ಘಟನೆ ಯಾರದೆಂದು ಬಿಡಿಸುವುದೂ ಸುಲಭವಲ್ಲ.

ಇಂತಹ ಸಂದರ್ಭದಲ್ಲಿ ಕಾದಂಬರಿಯ ಊಹೆಗೆ ಸಂಪೂರ್ಣ ಬೇರೆಯಾದ ನ್ಯಾಯಸಮ್ಮತಿ ಇದೆ. ಮುಸುಕಿನ ಜೋಳದ ವಿಷಯದಲ್ಲಿ ಆಕರವು ಇಲ್ಲವೆಂದು ಹೇಳುವಲ್ಲಿ ಊಹೆ ನಡೆಯುತ್ತದೆ. ಇಲ್ಲಿ ಆಕರವು ಪಕ್ಷಪಾತಿಯಾಗಿರುವಲ್ಲಿ ಊಹೆ ನಡೆಯುತ್ತದೆ. ವ್ಯಾಪಾರದ ಲೆಕ್ಕ, ಬಂದರುಗಳ ಸ್ಥಾನ, ಮೈತ್ರಿಗಳ ತರ್ಕ ಇವುಗಳಿಂದ ರಾಣಿಯ ರಾಜನೀತಿಯನ್ನು ಪುನಾರಚಿಸುವುದು ಚರಿತ್ರೆಯ ಮೌನವನ್ನು ಪ್ರಶ್ನಿಸುವ ಕೆಲಸ. ಗಜಾನನ ಶರ್ಮ ಅವರು ಅದೇ ರಾಣಿಯನ್ನು ಕುರಿತು ‘ಚೆನ್ನಭೈರಾದೇವಿ’ ಎಂಬ ಕಾದಂಬರಿಯನ್ನು ಬರೆದಿದ್ದು, ಕರಿಮೆಣಸಿನ ರಾಣಿಯ ಅಕಳಂಕ ಚರಿತೆ ಎಂಬ ವಿವರಣೆ ಅದಕ್ಕಿದೆ. ಅಕಳಂಕ ಎಂಬ ವಿಶೇಷಣವನ್ನು ದೆಲ್ಲಾ ವಾಲೆ ದಾಖಲಿಸಿದ ಕಥೆಗೆ ನಾಲ್ಕು ಶತಮಾನಗಳ ಅನಂತರ ಬಂದ ಕನ್ನಡದ ಉತ್ತರವೆಂದು ಓದಬಹುದು. ಆದರೆ ಇಲ್ಲಿಯೂ ಎಚ್ಚರ ಬೇಕು. ಕಳಂಕವನ್ನು ತೊಳೆಯುವ ಉತ್ಸಾಹದಲ್ಲಿ ರಾಣಿಯನ್ನು ದೋಷವೇ ಇಲ್ಲದ ಪ್ರತಿಮೆಯನ್ನಾಗಿಸಿದರೆ ಅದೂ ಇನ್ನೊಂದು ಬಗೆಯ ಪಕ್ಷಪಾತವೇ. ರಾಣಿಯ ಶೀಲವನ್ನು ಸಮರ್ಥಿಸುವುದಕ್ಕಿಂತ, ಸೋತ ಅರಸನ ಸೋಲಿಗೆ ಸೇನೆಯನ್ನೂ ಸೋತ ಅರಸಿಯ ಸೋಲಿಗೆ ಶೀಲವನ್ನೂ ಕಾರಣವಾಗಿಸುವ ಕಥನಕ್ರಮವನ್ನು ಪ್ರಶ್ನಿಸುವುದು ಹೆಚ್ಚು ಮೂಲಭೂತವಾದ ಕೆಲಸ.

ಕಾಳುಮೆಣಸಿನ ಈ ಚರಿತ್ರೆಗೆ ಭಾಷೆಯ ಸಾಕ್ಷ್ಯವೂ ಒದಗುತ್ತದೆ. ಪೋರ್ಚುಗೀಸರ ಸಂಪರ್ಕದ ಕಾಲದಲ್ಲಿ ಅಮೆರಿಕದಿಂದ ಬಂದ ಖಾರದ ಕಾಯಿಗೆ ಕನ್ನಡಿಗರು ಮೆಣಸಿನಕಾಯಿ ಎಂದು ಹೆಸರಿಟ್ಟರು. ಮೆಣಸು ಎಂಬ ಹಳೆಯ ಹೆಸರನ್ನು ಹೊಸಬನು ಕಸಿದುಕೊಂಡ ಮೇಲೆ ಮೂಲದ ಮೆಣಸು ಕಾಳುಮೆಣಸು, ಕರಿಮೆಣಸು, ಒಳ್ಳೆಮೆಣಸು ಎಂಬ ವಿಶೇಷಣಗಳಿಂದ ತನ್ನನ್ನು ಗುರುತಿಸಿಕೊಳ್ಳಬೇಕಾಯಿತು. ಬಟಾಟೆ, ಅನಾನಸು, ಚಾವಿ, ಪಗಾರ, ಪಾದ್ರಿ ಇವೂ ಅದೇ ಹಡಗುಗಳಿಂದ ಇಳಿದ ಶಬ್ದಗಳು. ಕಡಲ ವ್ಯಾಪಾರದ ಚರಿತ್ರೆಯನ್ನು ಬರೆಯಲು ಕನ್ನಡ ವಿಭಾಗಗಳಿಗೆ ಹಡಗಿನ ಅವಶೇಷಗಳು ಬೇಕಿಲ್ಲ; ಅಡುಗೆಮನೆಯ ಶಬ್ದಕೋಶವೂ ಒಂದು ಆಕರವೇ.

6. ಆಕರಸೂಚಿಯ ಎರಡು ಕೆಲಸಗಳು

ಗಣೇಶಯ್ಯ ಅವರ ಕಾದಂಬರಿಗಳ ವೈಶಿಷ್ಟ್ಯವೆಂದರೆ ಅವು ಅಡಿಟಿಪ್ಪಣಿ, ಗ್ರಂಥಋಣ, ಛಾಯಾಚಿತ್ರಗಳನ್ನು ಕಥೆಯೊಡನೆ ಒದಗಿಸುತ್ತವೆ. ಸಂಶೋಧನ ಪ್ರಬಂಧದ ಉಪಕರಣಗಳು ಇಲ್ಲಿ ಕಥನದ ಅಂಗಗಳಾಗಿವೆ. ಇದರ ಪರಿಣಾಮ ಎರಡು ಬಗೆಯದು. ಒಂದು, ಓದುಗನಿಗೆ ಮೂಲದ ಕಡೆಗೆ ಹೋಗಲು ದಾರಿ ತೋರಿಸುವುದು. ಇನ್ನೊಂದು, ಊಹೆಗೂ ಆಕರದ ಘನತೆಯನ್ನು ಹಂಚುವುದು. ಅಡಿಟಿಪ್ಪಣಿಯು ಒಂದು ವಾಕ್ಯಕ್ಕೆ ಸೇರಿದ್ದರೂ ಅದರ ಪ್ರಭಾವ ಇಡೀ ಅಧ್ಯಾಯಕ್ಕೆ ಹರಡುತ್ತದೆ.

ಕಥೆಯು ದಾಖಲೆಯ ಸ್ಥಾನವನ್ನು ಆಕ್ರಮಿಸುವುದಕ್ಕೆ ಜಾಗತಿಕ ಸಾಹಿತ್ಯದಲ್ಲಿ ಪ್ರಸಿದ್ಧ ನಿದರ್ಶನವಿದೆ. 1872ರ ಡಿಸೆಂಬರ್‌ನಲ್ಲಿ ಅಟ್ಲಾಂಟಿಕ್ ಸಾಗರದಲ್ಲಿ ಜನರಿಲ್ಲದೆ ತೇಲುತ್ತಿದ್ದ ‘ಮೇರಿ ಸೆಲೆಸ್ಟ್’ ಎಂಬ ಹಡಗು ಸಿಕ್ಕಿತು. ಅದರ ಜೀವರಕ್ಷಕ ದೋಣಿ ಕಾಣೆಯಾಗಿತ್ತು. ಜನ ದೋಣಿಯೇರಿ ಹೋದರೆಂಬುದಕ್ಕೆ ಅದೇ ಸುಳಿವು. 1884ರಲ್ಲಿ ಆರ್ಥರ್ ಕಾನನ್ ಡಾಯ್ಲ್ ಈ ಘಟನೆಯನ್ನಾಧರಿಸಿ ಕಣ್ಣಾರೆ ಕಂಡವನ ಹೇಳಿಕೆಯ ರೂಪದಲ್ಲಿ ಒಂದು ಕಥೆಯನ್ನು ‘ಕಾರ್ನ್‌ಹಿಲ್ ಮ್ಯಾಗಜೀನ್’ನಲ್ಲಿ ಹೆಸರಿಲ್ಲದೆ ಪ್ರಕಟಿಸಿದ. ಅದರಲ್ಲಿ ಹಡಗಿನ ಹೆಸರು ‘ಮರೀ ಸೆಲೆಸ್ಟ್’ ಎಂದಾಯಿತು, ದೋಣಿಗಳು ಸ್ವಸ್ಥಾನದಲ್ಲೇ ಉಳಿದವು. ಹಲವರು ಅದನ್ನು ನಿಜವಾದ ಹೇಳಿಕೆಯೆಂದೇ ತಿಳಿದರು. ಇಂದಿಗೂ ಆ ಹಡಗನ್ನು ಡಾಯ್ಲ್ ಇಟ್ಟ ಹೆಸರಿನಿಂದ ಕರೆಯುವವರಿದ್ದಾರೆ. ದೋಣಿ ಇತ್ತೆಂದು ಕಥೆ ಹೇಳಿದ ಕ್ಷಣದಲ್ಲಿ, ವಿವರಿಸಬಹುದಾಗಿದ್ದ ಘಟನೆ ವಿವರಿಸಲಾಗದ ರಹಸ್ಯವಾಯಿತು. ರಹಸ್ಯವು ಕಡಲಿನಲ್ಲಿ ಮಾತ್ರ ಹುಟ್ಟುವುದಿಲ್ಲ, ಕಥನದಲ್ಲಿಯೂ ಹುಟ್ಟುತ್ತದೆ.

ಕನ್ನಡದ ಕಾದಂಬರಿಗಳು ಡಾಯ್ಲ್‌ನಂತೆ ವೇಷ ಮರೆಸುವುದಿಲ್ಲ. ಮುಖಪುಟದಲ್ಲಿಯೇ ಕಾದಂಬರಿಯೆಂದು ಹೇಳಿಕೊಂಡು, ಆಕರಗಳನ್ನೂ ಬಹಿರಂಗಪಡಿಸುತ್ತವೆ. ಆದ್ದರಿಂದ ಹೊಣೆಯ ಒಂದು ಭಾಗ ಓದುಗನ ಮೇಲೆ, ಅವನನ್ನು ತರಬೇತುಗೊಳಿಸುವ ಅಧ್ಯಾಪಕನ ಮೇಲೆ ಬೀಳುತ್ತದೆ. ಸ್ಥಳೀಯ ಚರಿತ್ರೆಯ ಬಗೆಗಿನ ವಿದ್ಯಾರ್ಥಿಗಳ ಮೊದಲ ತಿಳಿವಳಿಕೆ ಪಠ್ಯಪುಸ್ತಕಕ್ಕಿಂತ ಇಂತಹ ಕಾದಂಬರಿಗಳಿಂದ ಬರುವ ಸಾಧ್ಯತೆಯೇ ಹೆಚ್ಚಾಗಿರುವಾಗ ಈ ಹೊಣೆ ಲಘುವಾದುದಲ್ಲ.

7. ಅಧ್ಯಯನ ಕ್ರಮ: ಒಂದು ಸೂಚನೆ

ಈ ಕೃತಿಗಳನ್ನು ಸ್ನಾತಕೋತ್ತರ ತರಗತಿಯಲ್ಲಿ ಅಭ್ಯಸಿಸುವಾಗ ಮೂರು ಪ್ರಶ್ನೆಗಳನ್ನು ಕ್ರಮವಾಗಿ ಕೇಳಬಹುದು. ಆಕರವು ಹೇಳುವುದೆಷ್ಟು? ಕಾದಂಬರಿ ಸೇರಿಸಿದ್ದು ಯಾವುದು? ಆ ಸೇರ್ಪಡೆ ಕಥೆಗೆ ಏಕೆ ಬೇಕಾಯಿತು? ಮೊದಲನೆಯದು ಚರಿತ್ರೆಯ ಪ್ರಶ್ನೆ, ಎರಡನೆಯದು ಪಠ್ಯದ ಪ್ರಶ್ನೆ, ಮೂರನೆಯದು ಸಾಹಿತ್ಯ ವಿಮರ್ಶೆಯ ಪ್ರಶ್ನೆ. ‘ಕನಕ ಮುಸುಕು’ವಿನೊಡನೆ 1989 ಮತ್ತು 1993ರ ಎರಡು ಲೇಖನಗಳ ಸಾರವನ್ನು ಎದುರುಬದುರು ಇರಿಸಿ, ಸೋಮನಾಥಪುರದ ಶಿಲ್ಪವನ್ನು ವಿದ್ಯಾರ್ಥಿಗಳು ತಾವೇ ನೋಡಿ ವಿವರಣೆ ಬರೆಯುವಂತೆ ಹೇಳಬಹುದು. ಜೋಳ ಎಂಬ ಶಬ್ದವನ್ನು ಬಳಸದೆ ಆ ವಸ್ತುವನ್ನು ವರ್ಣಿಸಬೇಕೆಂಬ ನಿಬಂಧನೆ ಹಾಕಿದರೆ, ಹೆಸರಿಡುವುದೇ ಅರ್ಧ ವಾದವೆಂಬುದು ತಾನಾಗಿ ಮನವರಿಕೆಯಾಗುತ್ತದೆ. ‘ಬಳ್ಳಿಕಾಳ ಬೆಳ್ಳಿ’ ಮತ್ತು ‘ಚೆನ್ನಭೈರಾದೇವಿ’ಗಳೊಡನೆ ದೆಲ್ಲಾ ವಾಲೆಯ ಪತ್ರವನ್ನೂ ‘ಕೆಳದಿನೃಪವಿಜಯ’ವನ್ನೂ ಇರಿಸಿದರೆ, ಒಂದೇ ಸೋಲು ನಾಲ್ಕು ಬಾಯಿಗಳಲ್ಲಿ ನಾಲ್ಕು ಬಗೆಯಾಗುವುದನ್ನು ಕಾಣಬಹುದು.

8. ಸಮಾರೋಪ

ಮೇಲಿನ ಪರಿಶೀಲನೆಯಿಂದ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ಕನ್ನಡದ ಚಾರಿತ್ರಿಕ ರೋಚಕ ಕಾದಂಬರಿಯಲ್ಲಿ ಕಡಲು ಘಟನೆಯ ಸ್ಥಳವಾಗಿರುವುದಕ್ಕಿಂತ ಸಾಕ್ಷ್ಯದ ದಾರಿಯಾಗಿದೆ. ಅಲ್ಲಿಯ ಸಾಹಸಿಯು ನಾವಿಕನಾಗಿರದೆ ಗ್ರಂಥ, ಶಿಲ್ಪ, ಬೀಜಗಳ ನಡುವೆ ಹುಡುಕುವ ವಿದ್ವಾಂಸನಾಗಿದ್ದಾನೆ. ಒಂದೇ ಬಗೆಯ ಆಕರಸೂಚಿ ಎರಡು ಕಾದಂಬರಿಗಳಲ್ಲಿ ವಿರುದ್ಧ ಕೆಲಸಗಳನ್ನು ಮಾಡುತ್ತದೆ. ದುರ್ಬಲವಾದ ಊಹೆಗೆ ಬಲ ಕೊಡುವುದೂ, ಪ್ರಬಲರ ದಾಖಲೆಯನ್ನು ಪ್ರಶ್ನಿಸುವುದೂ ಅದರಿಂದಲೇ ಸಾಧ್ಯವಾಗಿದೆ. ಆದ್ದರಿಂದ ಆಕರಗಳಿವೆಯೇ ಎಂದು ಕೇಳಿ ತೃಪ್ತರಾಗುವುದು ಸಾಲದು. ಆ ಆಕರಗಳು ಯಾರವು, ಅವು ಎಲ್ಲಿಯವರೆಗೆ ಕಾದಂಬರಿಯ ಜೊತೆಗೆ ಬರುತ್ತವೆ ಎಂದು ಕೇಳಬೇಕು.

ಖಾರಿಟಿಯಾನ್ ಪ್ರಹಸನದ ಮಾತುಗಳು ಕನ್ನಡವೇ ಎಂಬುದು ಒಂದು ಶತಮಾನದ ಅನಂತರವೂ ತೀರ್ಮಾನವಾಗಿಲ್ಲ. ಅದರಿಂದ ಕನ್ನಡದ ಘನತೆ ಕುಗ್ಗಿಲ್ಲ. ತೀರ್ಮಾನವಾಗದ ಪ್ರಶ್ನೆಯೊಡನೆ ಪ್ರಾಮಾಣಿಕವಾಗಿ ಬಾಳುವುದನ್ನು ಕನ್ನಡ ವಿದ್ವತ್ತು ಅದರಿಂದ ಕಲಿತಿದೆ. ಕಾದಂಬರಿಗಳು ಎಬ್ಬಿಸಿದ ಕುತೂಹಲವನ್ನು ಆ ಶಿಸ್ತಿನ ಕಡೆಗೆ ತಿರುಗಿಸಿದರೆ ಗೇರುಸೊಪ್ಪೆಯ ಶಾಸನಗಳನ್ನು, ಕರಾವಳಿಯ ಬಂದರುಗಳ ದಾಖಲೆಗಳನ್ನು, ಹೊಯ್ಸಳ ಶಿಲ್ಪಗಳ ಪ್ರತಿಮಾಲಕ್ಷಣವನ್ನು ಮೂಲದಲ್ಲಿಯೇ ಓದುವ ಹೊಸ ಸಂಶೋಧಕರು ನಮ್ಮ ತರಗತಿಗಳಿಂದಲೇ ಹೊರಡಬಹುದು.